ಸೊಸೈಟಿ ಅಕ್ಕಿ ಎಲ್ಲಿ ನಿಂತಿದೆ? ಕಷ್ಟದ ಹೊತ್ತಲ್ಲಿ ಪಡಿತರ ಮನೆಗೆ ತಂದುಕೊಳ್ಳುವ ದಾರಿ

ಕಳೆದ ವರ್ಷ ನಮ್ಮ ಬೀದಿಯ ಗಾರೆ ಕೆಲಸದವರೊಬ್ಬರು ಸಾರುವೆ ಮೇಲಿಂದ ಬಿದ್ದು ಕಾಲು ಮುರಿದುಕೊಂಡರು. ಮೂರು ತಿಂಗಳು ಕೆಲಸ ಇಲ್ಲ. ಹೆಂಡತಿ ನಾಲ್ಕು ಮನೆಯ ಪಾತ್ರೆ ತೊಳೆಯುತ್ತಿದ್ದರು, ಗಂಡನನ್ನು ನೋಡಿಕೊಳ್ಳಲು ಅದನ್ನೂ ಬಿಟ್ಟರು. ಮನೆಯಲ್ಲಿ ಐದು ಜನ. ಬಿಪಿಎಲ್ ಕಾರ್ಡ್ ಇತ್ತು. ಆದರೆ ಸೊಸೈಟಿಗೆ ಹೋದಾಗ "ನಿಮ್ಮ ಕಾರ್ಡ್ ಮಷೀನಲ್ಲಿ ಬರ್ತಿಲ್ಲ" ಎಂದು ವಾಪಸ್ ಕಳಿಸಿದರು. ಕಾರ್ಡ್ ರದ್ದಾಗಿದೆ ಎಂದುಕೊಂಡು ಆ ತಾಯಿ ಎರಡು ತಿಂಗಳು ಸಾಲ ಮಾಡಿ ಅಕ್ಕಿ ತಂದರು.

ಕಾರ್ಡ್ ರದ್ದಾಗಿರಲೇ ಇಲ್ಲ. ಬೇರೆ ಊರಲ್ಲಿ ಕೆಲಸ ಇದ್ದ ಕಾರಣ ಅವರು ಬಹಳ ದಿನ ಪಡಿತರ ಎತ್ತಿರಲಿಲ್ಲ, ಅದಕ್ಕೆ ಕಾರ್ಡನ್ನು ತಡೆ ಹಿಡಿದಿದ್ದರು. ಮಕ್ಕಳಿಬ್ಬರ ಇ-ಕೆವೈಸಿ, ಅಂದರೆ ಬೆರಳು ಕೊಟ್ಟು ಆಧಾರ್ ಮೂಲಕ ಗುರುತು ಖಚಿತಪಡಿಸುವುದು, ಕೂಡ ಆಗಿರಲಿಲ್ಲ. ಎರಡು ತೊಂದರೆ, ಎರಡಕ್ಕೂ ಬೇರೆ ಬೇರೆ ಬಾಗಿಲು. ಅದು ಗೊತ್ತಾದ ಮೇಲೆ ಹತ್ತು ದಿನದಲ್ಲಿ ಸರಿಹೋಯಿತು. ಆ ಎರಡು ತಿಂಗಳ ಅಕ್ಕಿ ಮಾತ್ರ ಮತ್ತೆ ಬರಲಿಲ್ಲ.

ಅವತ್ತಿನಿಂದ ಯಾರೇ "ರೇಷನ್ ಬರ್ತಿಲ್ಲ" ಎಂದರೂ ನಾನು ಮೊದಲು ಕೇಳುವುದು ಒಂದೇ: ಎಲ್ಲಿ ನಿಂತಿದೆ? ಸರ್ಕಾರದ ಅಕ್ಕಿ ಗೋದಾಮಿನಿಂದ ನಮ್ಮ ಚೀಲಕ್ಕೆ ಬರುವಾಗ ನಾಲ್ಕೈದು ಕಡೆ ನಿಲ್ಲುತ್ತದೆ. ಪ್ರತಿ ಕಡೆಯೂ ಒಂದು ಲೆಕ್ಕ ಇರುತ್ತದೆ, ಒಬ್ಬ ಹೊಣೆಗಾರ ಇರುತ್ತಾರೆ. ನಿಂತ ಜಾಗ ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

ಈ ಬರಹ ಮುಖ್ಯವಾಗಿ ಕರ್ನಾಟಕದ ವ್ಯವಸ್ಥೆಯ ಬಗ್ಗೆ. ಮನೆಗೆ ದಿಢೀರ್ ಕಷ್ಟ ಬಂದಾಗ, ಅಂದರೆ ಕೆಲಸ ಹೋದಾಗ, ಕಾಯಿಲೆ ಬಿದ್ದಾಗ, ನೆರೆ ಬಂದಾಗ, ಏನು ಮಾಡಬೇಕು ಎಂಬುದನ್ನು ಮಾಡುವ ಕ್ರಮದಲ್ಲೇ ಬರೆದಿದ್ದೇನೆ.

ಮೊದಲು ಇವತ್ತಿನ ಊಟ

ಕಾರ್ಡ್ ಸರಿಪಡಿಸಲು ದಿನ ಹಿಡಿಯುತ್ತದೆ. ಹಸಿವು ಕಾಯುವುದಿಲ್ಲ. ಹಾಗಾಗಿ ಕಾರ್ಡ್ ಇಲ್ಲದೆಯೂ ಸಿಗುವ ಊಟ ಯಾವುದು ಎಂದು ಮೊದಲು ನೋಡಿ.

ಅಂಗನವಾಡಿಗೆ ರೇಷನ್ ಕಾರ್ಡ್ ಬೇಡ. 6 ತಿಂಗಳಿಂದ 6 ವರ್ಷದ ಮಕ್ಕಳು, ಗರ್ಭಿಣಿಯರು, ಹಾಲುಣಿಸುವ ತಾಯಂದಿರು ಅಲ್ಲಿನ ಆಹಾರಕ್ಕೆ ಹಕ್ಕುದಾರರು. ಇದು 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಲ್ಲೇ ಇದೆ. ನೀವು ಬೇರೆ ಊರಿಂದ ಬಂದವರಾದರೂ ಈಗ ಇರುವ ಜಾಗದ ಅಂಗನವಾಡಿಯಲ್ಲಿ ಹೆಸರು ಬರೆಸಬಹುದು. ಕರ್ನಾಟಕದಲ್ಲಿ 2017ರ ಅಕ್ಟೋಬರ್ 2ರಿಂದ ಮಾತೃಪೂರ್ಣ ಯೋಜನೆ ಇದೆ. ಅದರಡಿ ಗರ್ಭಿಣಿ, ಬಾಣಂತಿಯರಿಗೆ ಮಧ್ಯಾಹ್ನದ ಬಿಸಿಯೂಟ ಸಿಗುತ್ತದೆ. ನಾಚಿಕೊಂಡು ಸುಮ್ನೆ ಕೂರಬೇಡಿ. ಅಲ್ಲಿನ ಕಾರ್ಯಕರ್ತೆಗೆ ಮನೆಯ ಪರಿಸ್ಥಿತಿ ಹೇಳಿ. ಊರಿನ ಎಲ್ಲ ಇಲಾಖೆಗಳ ದಾರಿ ಗೊತ್ತಿರುವವರು ಅವರೇ.

ಶಾಲೆಗೆ ಹೋಗುವ ಮಕ್ಕಳಿಗೆ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಬಿಸಿಯೂಟ ಇದೆ. ನಮ್ಮ ರಾಜ್ಯದಲ್ಲಿ ಹತ್ತನೇ ತರಗತಿವರೆಗೂ ಇದೆ. ಮನೆಯಲ್ಲಿ ಕಷ್ಟ ಬಂದಾಗ ಮಕ್ಕಳನ್ನು ಶಾಲೆ ಬಿಡಿಸಿ ಕೆಲಸಕ್ಕೆ ಕರೆದೊಯ್ಯುವುದನ್ನು ನೋಡಿದ್ದೇನೆ. ಆಗ ಪಾಠದ ಜೊತೆ ದಿನದ ಒಂದು ಊಟವೂ ಹೋಗುತ್ತದೆ.

ದೊಡ್ಡವರಿಗೆ ನಗರಗಳಲ್ಲಿ ಇಂದಿರಾ ಕ್ಯಾಂಟೀನ್ ಇದೆ. ಬೆಂಗಳೂರಿನಲ್ಲಿ 2017ರ ಆಗಸ್ಟ್‌ನಲ್ಲಿ ಶುರುವಾಯಿತು. ತಿಂಡಿಗೆ 5 ರೂಪಾಯಿ, ಊಟಕ್ಕೆ 10 ರೂಪಾಯಿ. ಯಾವ ಗುರುತಿನ ಚೀಟಿಯೂ ಕೇಳುವುದಿಲ್ಲ. ದೊಡ್ಡ ಆಸ್ಪತ್ರೆಗಳ ಬಳಿ ರೋಗಿಯ ಜೊತೆ ಬಂದವರಿಗೆ ಇದು ದೊಡ್ಡ ಆಸರೆ.

ನಿಮ್ಮ ಪಾಲು ಎಷ್ಟು ಎಂದು ತಿಳಿದುಕೊಳ್ಳಿ

ಕಾರ್ಡಿನಲ್ಲಿ ಮೂರು ಬಗೆ. ಅಂತ್ಯೋದಯ, ಅಂದರೆ ತೀರಾ ಬಡವರದ್ದು. ಆದ್ಯತಾ ಕುಟುಂಬ, ನಾವು ಬಿಪಿಎಲ್ ಎನ್ನುವುದು ಇದನ್ನೇ. ಮೂರನೆಯದು ಎಪಿಎಲ್, ಆಹಾರ ಭದ್ರತಾ ಕಾಯ್ದೆಯ ಹಕ್ಕು ಇದಕ್ಕೆ ಇಲ್ಲ.

ಕೇಂದ್ರದ ಕಾಯ್ದೆ ಪ್ರಕಾರ ಅಂತ್ಯೋದಯ ಕುಟುಂಬಕ್ಕೆ ತಿಂಗಳಿಗೆ 35 ಕೆಜಿ ಧಾನ್ಯ. ಮನೆಯಲ್ಲಿ ಇಬ್ಬರೇ ಇದ್ದರೂ ಇದು ಕಡಿಮೆ ಆಗುವುದಿಲ್ಲ. ಬಿಪಿಎಲ್‌ಗೆ ತಲೆಗೆ 5 ಕೆಜಿ. ಮೊದಲು ಅಕ್ಕಿಗೆ ಕೆಜಿಗೆ 3 ರೂಪಾಯಿ ಇತ್ತು. 2023ರ ಜನವರಿ 1ರಿಂದ ಪೂರ್ತಿ ಉಚಿತ. 2024ರ ಜನವರಿಯಿಂದ ಇನ್ನೂ ಐದು ವರ್ಷಕ್ಕೆ ಅದನ್ನು ಮುಂದುವರಿಸಿದ್ದಾರೆ.

ಇದರ ಮೇಲೆ ರಾಜ್ಯ ಸೇರಿಸುವುದು ಅನ್ನಭಾಗ್ಯ. ಅದು ಕಾಲಕಾಲಕ್ಕೆ ಬದಲಾಗುತ್ತಾ ಬಂದಿದೆ. 2013ರ ಜುಲೈನಲ್ಲಿ ಕೆಜಿಗೆ 1 ರೂಪಾಯಿಯಂತೆ ಶುರುವಾಯಿತು. 2015ರ ಮೇ ತಿಂಗಳಿಂದ ಉಚಿತವಾಯಿತು. 2023ರಲ್ಲಿ ತಲೆಗೆ 10 ಕೆಜಿ ಕೊಡಬೇಕೆಂದಾಗ ಹೆಚ್ಚುವರಿ ಅಕ್ಕಿ ಸಿಗಲಿಲ್ಲ. ಅದಕ್ಕೆ ಕೆಜಿಗೆ 34 ರೂಪಾಯಿ ಲೆಕ್ಕದಲ್ಲಿ ತಲೆಗೆ 170 ರೂಪಾಯಿ ಬ್ಯಾಂಕ್ ಖಾತೆಗೆ ಹಾಕಿದರು. 2025ರ ಫೆಬ್ರವರಿಯಿಂದ ಹಣದ ಬದಲು ಮತ್ತೆ ಅಕ್ಕಿಯೇ ಬಂತು. ದಕ್ಷಿಣದ ಜಿಲ್ಲೆಗಳಲ್ಲಿ ಒಂದಿಷ್ಟು ರಾಗಿ, ಉತ್ತರದಲ್ಲಿ ಜೋಳ ಸೇರುವ ತಿಂಗಳುಗಳೂ ಇವೆ. ಹಾಗಾಗಿ "ಹೋದ ತಿಂಗಳು ಇಷ್ಟಿತ್ತು" ಎಂಬ ನೆನಪಿನ ಮೇಲೆ ಜಗಳಕ್ಕೆ ಇಳಿಯಬೇಡಿ. ಅಂಗಡಿಯ ಫಲಕದಲ್ಲಿ ಈ ತಿಂಗಳ ಹಂಚಿಕೆ ಬರೆದಿರಬೇಕು. ಅದನ್ನು ಓದಿ, ಮೊಬೈಲಲ್ಲಿ ಫೋಟೊ ತೆಗೆದುಕೊಳ್ಳಿ. ಫಲಕವೇ ಇಲ್ಲದಿದ್ದರೆ ಅದೂ ಒಂದು ದೂರಿಗೆ ಕಾರಣ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಅಕ್ಕಿಯಲ್ಲಿ ಕೆಲವು ಕಾಳು ಸ್ವಲ್ಪ ಬೇರೆ ಬಣ್ಣ, ನೀರಿಗೆ ಹಾಕಿದರೆ ತೇಲುತ್ತವೆ. "ಪ್ಲಾಸ್ಟಿಕ್ ಅಕ್ಕಿ" ಎಂದು ಆರಿಸಿ ಬಿಸಾಡುವವರು ಬಹಳ. ಅದು ಪ್ಲಾಸ್ಟಿಕ್ ಅಲ್ಲ. ಅಕ್ಕಿ ಹಿಟ್ಟಿಗೆ ಕಬ್ಬಿಣಾಂಶ, ಫೋಲಿಕ್ ಆಮ್ಲ, ಬಿ12 ಸೇರಿಸಿ ಮಾಡಿದ ಕಾಳು. ಸಾಮಾನ್ಯವಾಗಿ ನೂರು ಕಾಳಿಗೆ ಒಂದರಂತೆ ಬೆರೆಸುತ್ತಾರೆ. ಮನೆಯಲ್ಲಿ ಸಿಕಲ್ ಸೆಲ್ ಅಥವಾ ಥಲಸ್ಸೇಮಿಯಾ ಎಂಬ ರಕ್ತದ ಕಾಯಿಲೆ ಇರುವವರಿದ್ದರೆ ವೈದ್ಯರನ್ನು ಒಂದು ಮಾತು ಕೇಳಿ. ಉಳಿದವರು ಧೈರ್ಯವಾಗಿ ತಿನ್ನಬಹುದು.

ಅಕ್ಕಿ ಬರುವ ದಾರಿ

ಭಾರತ ಆಹಾರ ನಿಗಮದ ಗೋದಾಮಿನಿಂದ ಅಕ್ಕಿ ಹೊರಡುತ್ತದೆ. ರಾಜ್ಯದ ಆಹಾರ ಮತ್ತು ನಾಗರಿಕ ಸರಬರಾಜು ನಿಗಮದಂಥ ಸಂಸ್ಥೆಗಳು ನಡೆಸುವ ತಾಲ್ಲೂಕಿನ ಸಗಟು ಮಳಿಗೆಗೆ ಬರುತ್ತದೆ. ಅಲ್ಲಿಂದ ಲಾರಿಯಲ್ಲಿ ನ್ಯಾಯಬೆಲೆ ಅಂಗಡಿಗೆ. ರಾಜ್ಯದಲ್ಲಿ ಇಂಥ ಸುಮಾರು 20 ಸಾವಿರ ಅಂಗಡಿಗಳಿವೆ. ಕೊನೆಯದು ನಿಮ್ಮ ಹೆಬ್ಬೆಟ್ಟು. ಮಷೀನಿನಲ್ಲಿ ಬೆರಳಿಟ್ಟರೆ ನಿಮ್ಮ ಪಾಲು ಎತ್ತುವಳಿ ಆಯಿತು ಎಂದು ದಾಖಲಾಗುತ್ತದೆ.

ಹಾಗಾದರೆ ನಿಂತಿರುವುದು ಎಲ್ಲಿ? ನನ್ನ ಅನುಭವದಲ್ಲಿ ನಾಲ್ಕು ಮಾತು ಕೇಳಿಸುತ್ತವೆ, ನಾಲ್ಕಕ್ಕೂ ಅರ್ಥ ಬೇರೆ.

"ಸ್ಟಾಕ್ ಬಂದಿಲ್ಲ" ಎಂದರೆ ತೊಂದರೆ ನಿಮ್ಮದಲ್ಲ, ಲಾರಿಯದ್ದು. ಪಕ್ಕದ ಇನ್ನೊಂದು ಅಂಗಡಿಗೆ ಹೋಗಿ ಕೇಳಿ. ಕಾರ್ಡ್ ಯಾವ ಅಂಗಡಿಯದ್ದಾದರೂ ರಾಜ್ಯದ ಬೇರೆ ಅಂಗಡಿಯಲ್ಲಿ ಪಡಿತರ ತೆಗೆದುಕೊಳ್ಳಲು ಅವಕಾಶ ಇದೆ. ಇದು ಗೊತ್ತಿಲ್ಲದೆ ಒಂದೇ ಬಾಗಿಲಿಗೆ ಐದಾರು ಸಲ ಅಲೆಯುವವರು ಎಷ್ಟೋ ಜನ.

"ಸರ್ವರ್ ಇಲ್ಲ" ಎಂದರೆ ಆ ಹೊತ್ತಿನ ತಾಂತ್ರಿಕ ತೊಂದರೆ. ತಿಂಗಳ ಮೊದಲ ವಾರ, ಕೊನೆಯ ವಾರ ಇದು ಜಾಸ್ತಿ. ನಡುವಿನ ದಿನ, ಬೆಳಿಗ್ಗೆ ಬೇಗ ಹೋದರೆ ಸಲೀಸು. ಆದರೆ ತಿಂಗಳ ಕೊನೆಯ ದಿನದವರೆಗೆ ಕಾಯಬೇಡಿ. ಆ ತಿಂಗಳು ಕಳೆದರೆ ಆ ಪಾಲು ಸಾಮಾನ್ಯವಾಗಿ ಕೈ ತಪ್ಪುತ್ತದೆ.

"ಥಂಬ್ ಬರ್ತಿಲ್ಲ" ಎಂದರೆ ತೊಂದರೆ ಬೆರಳಿನದ್ದು. ಇದರ ಬಗ್ಗೆ ಮುಂದೆ ಹೇಳುತ್ತೇನೆ.

"ಕಾರ್ಡ್ ಬರ್ತಿಲ್ಲ" ಎಂದರೆ ಇಲಾಖೆಯ ಪಟ್ಟಿಯಲ್ಲಿ ಏನೋ ಬದಲಾಗಿದೆ. ಅಂಗಡಿಯವರಿಗೆ ಇದನ್ನು ಸರಿಪಡಿಸುವ ಅಧಿಕಾರವೇ ಇಲ್ಲ. ಅವರ ಜೊತೆ ಜಗಳವಾಡಿ ಫಲ ಇಲ್ಲ. ತಾಲ್ಲೂಕು ಕಚೇರಿಯ ಆಹಾರ ಶಾಖೆಗೆ ಹೋಗಿ.

ಅಂಗಡಿಯ ಮುಂದೆ

ಬೆರಳಿನ ವಿಚಾರ ನನಗೆ ಸಂಕಟ ತರುವಂಥದ್ದು. ಸಿಮೆಂಟು ಕಲಸುವವರು, ಬಟ್ಟೆ ಒಗೆಯುವವರು, ಬೀಡಿ ಕಟ್ಟುವವರು, ಅಡಿಕೆ ಸುಲಿಯುವವರು, ಇವರ ಬೆರಳಿನ ಗೆರೆ ಸವೆದಿರುತ್ತದೆ. ಜೀವಮಾನ ಇಡೀ ದುಡಿದವರ ಗುರುತನ್ನೇ ಮಷೀನು ಹಿಡಿಯುವುದಿಲ್ಲ. ಒಬ್ಬ ಅಜ್ಜಿ ನನ್ನೆದುರೇ ಸೀರೆ ಸೆರಗಿಗೆ ಬೆರಳು ತಿಕ್ಕಿ ತಿಕ್ಕಿ ಎಂಟು ಸಲ ಒತ್ತಿದರು.

ಹೀಗೆ ಮಾಡಿ ನೋಡಿ. ಕೈ ತೊಳೆದು ಒರೆಸಿ. ಒಣಗಿ ಬಿರಿದ ಬೆರಳಾದರೆ ಒದ್ದೆ ಬಟ್ಟೆಯಿಂದ ಒತ್ತಿಕೊಳ್ಳಿ. ಹೆಬ್ಬೆಟ್ಟೇ ಆಗಬೇಕೆಂದಿಲ್ಲ, ಹತ್ತು ಬೆರಳಲ್ಲಿ ಯಾವುದಾದರೂ ಆಗುತ್ತದೆ. ಯಾವುದು ಹಿಡಿಯಿತು ಎಂದು ನೆನಪಿಟ್ಟುಕೊಳ್ಳಿ. ಕಾರ್ಡಿನಲ್ಲಿ ಹೆಸರಿರುವ ಮನೆಯ ಬೇರೆ ಸದಸ್ಯರು ಬಂದು ಬೆರಳು ಕೊಡಬಹುದು. ಆಗಲೂ ಬರದಿದ್ದರೆ ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಒಟಿಪಿ ಕಳಿಸಲು ಕೇಳಿ. ಹಳೆಯ ನಂಬರ್ ಆಗಿದ್ದರೆ ಆಧಾರ್ ಕೇಂದ್ರದಲ್ಲಿ ನಂಬರನ್ನೂ ಬೆರಳನ್ನೂ ಒಟ್ಟಿಗೆ ಹೊಸದು ಮಾಡಿಸಿ.

ಯಾವುದೂ ಆಗಲಿಲ್ಲ ಎಂದರೂ ಬರಿಗೈಲಿ ಕಳಿಸುವಂತಿಲ್ಲ. ಇದನ್ನು ಗಟ್ಟಿಯಾಗಿ ನೆನಪಿಡಿ. 2017ರ ಸೆಪ್ಟೆಂಬರ್‌ನಲ್ಲಿ ಜಾರ್ಖಂಡದ ಸಿಮ್ಡೇಗಾ ಜಿಲ್ಲೆಯಲ್ಲಿ 11 ವರ್ಷದ ಹುಡುಗಿಯೊಬ್ಬಳು ತೀರಿಕೊಂಡಳು. ಆಧಾರ್ ಜೋಡಣೆ ಆಗಿಲ್ಲ ಎಂದು ರೇಷನ್ ನಿಲ್ಲಿಸಿದ್ದರು, ಮಗಳು ಹಸಿವಿನಿಂದ ಸತ್ತಳು ಎಂದು ಮನೆಯವರು ಹೇಳಿದರು. ಆಡಳಿತ ಹಸಿವಿನ ಸಾವು ಎಂಬುದನ್ನು ಒಪ್ಪಲಿಲ್ಲ. ಆದರೆ ಅಕ್ಟೋಬರ್ 24ಕ್ಕೆ ಕೇಂದ್ರ ಆಹಾರ ಇಲಾಖೆ ಎಲ್ಲ ರಾಜ್ಯಗಳಿಗೂ ಸೂಚನೆ ಕಳಿಸಿತು. ಆಧಾರ್ ಇಲ್ಲ, ಬೆರಳು ಹಿಡಿಯಲಿಲ್ಲ, ನೆಟ್‌ವರ್ಕ್ ಇಲ್ಲ ಎಂಬ ಕಾರಣಕ್ಕೆ ಅರ್ಹರಿಗೆ ಧಾನ್ಯ ನಿರಾಕರಿಸಬಾರದು. ಬೇರೆ ಗುರುತಿನ ಚೀಟಿ ನೋಡಿ, ಪುಸ್ತಕದಲ್ಲಿ ಬರೆದುಕೊಂಡು ಕೊಡಬೇಕು. ಅಂಗಡಿಯವರಿಗೆ ಇದು ಗೊತ್ತಿಲ್ಲದೆಯೂ ಇರಬಹುದು. ಮೆಲ್ಲಗೆ ಹೇಳಿ. ಕೇಳದಿದ್ದರೆ ಅಲ್ಲಿಂದಲೇ ಆಹಾರ ನಿರೀಕ್ಷಕರಿಗೆ ಫೋನ್ ಮಾಡಿ.

ಹಾಸಿಗೆ ಹಿಡಿದವರು, ನಡೆಯಲಾಗದ ಹಿರಿಯರು ತಮ್ಮ ಪರವಾಗಿ ಪಡಿತರ ತರಲು ಒಬ್ಬರನ್ನು ನೇಮಿಸಲು ಅರ್ಜಿ ಕೊಡಬಹುದು. ಒಂಟಿಯಾಗಿ ಬಾಳುವ ತುಂಬಾ ವಯಸ್ಸಾದವರಿಗೆ ಮನೆಗೇ ತಂದುಕೊಡುವ ಅನ್ನ ಸುವಿಧಾ ಎಂಬ ಯೋಜನೆಯೂ ರಾಜ್ಯದಲ್ಲಿದೆ. ನಿಮ್ಮ ಬೀದಿಯಲ್ಲಿ ಅಂಥ ಅಜ್ಜ ಅಜ್ಜಿ ಇದ್ದರೆ ಅವರ ಹೆಸರು ಪಟ್ಟಿಯಲ್ಲಿದೆಯಾ ಎಂದು ನೀವೇ ಕೇಳಿ. ಅವರಿಗೆ ಕೇಳಲು ಹೋಗುವಷ್ಟು ಕಾಲಿನ ಶಕ್ತಿ ಇರುವುದಿಲ್ಲ, ಅಲ್ವಾ?

ಇನ್ನು ತೂಕ. ಚೀಲ ತಕ್ಕಡಿ ಮೇಲಿಡುವ ಮುಂಚೆ ಅಂಕಿ ಸೊನ್ನೆ ತೋರಿಸುತ್ತಿದೆಯಾ ನೋಡಿ. ಅನುಮಾನ ಬಂದರೆ ಒಂದು ಲೀಟರ್ ನೀರು ತುಂಬಿದ ಬಾಟಲಿ ಇಟ್ಟು ನೋಡಿ. ಬಾಟಲಿಯ ತೂಕ ಸೇರಿ ಒಂದು ಕೆಜಿಗಿಂತ ತುಸು ಹೆಚ್ಚು ಬರಬೇಕು. ಬೆರಳು ಒತ್ತಿದ ಮೇಲೆ ರಸೀದಿ ಕೇಳಿ. ರಸೀದಿಯಲ್ಲಿ 25 ಕೆಜಿ ಎಂದಿದ್ದು ಚೀಲದಲ್ಲಿ 23 ಇದ್ದರೆ ಆ ಎರಡು ಕೆಜಿ ನಿಮ್ಮ ಮಕ್ಕಳದ್ದು. ಕಾರ್ಡನ್ನು ಅಂಗಡಿಯಲ್ಲೇ ಇಟ್ಟುಕೊಳ್ಳಲು ಕೊಡಬೇಡಿ. ಇಟ್ಟುಕೊಳ್ಳುವ ಹಕ್ಕು ಅವರಿಗಿಲ್ಲ. ಉಚಿತ ಅಕ್ಕಿಗೆ "ಖರ್ಚಿಗೆ ಹತ್ತು ಇಪ್ಪತ್ತು" ಕೊಡುವ ಅಗತ್ಯವೂ ಇಲ್ಲ.

ಕಾರ್ಡೇ ನಿಂತುಹೋಗಿದ್ದರೆ

ಮೊದಲು ಆಹಾರ ಇಲಾಖೆಯ ವೆಬ್‌ಸೈಟಿನಲ್ಲಿ ಇ-ಸ್ಥಿತಿ ಎಂಬಲ್ಲಿ ಕಾರ್ಡ್ ನಂಬರ್ ಹಾಕಿ ನೋಡಿ. ಮೊಬೈಲ್ ಗೊತ್ತಿಲ್ಲದವರು ಗ್ರಾಮ ಒನ್, ಕರ್ನಾಟಕ ಒನ್ ಅಥವಾ ಬೆಂಗಳೂರು ಒನ್ ಕೇಂದ್ರಕ್ಕೆ ಹೋಗಬಹುದು. ಅಲ್ಲಿ ಏನು ಕಾಣುತ್ತದೋ ಅದರ ಪ್ರಿಂಟ್ ತೆಗೆಸಿಕೊಳ್ಳಿ. ಮುಂದಿನ ಎಲ್ಲ ಕೆಲಸಕ್ಕೂ ಅದೇ ಆಧಾರ.

ಸಾಮಾನ್ಯವಾಗಿ ಕಾಣುವ ಕಾರಣ ಮೂರು.

ಒಂದು, ಇ-ಕೆವೈಸಿ ಆಗದಿರುವುದು. ಮನೆಯ ಪ್ರತಿಯೊಬ್ಬರೂ ಮಾಡಿಸಬೇಕು, ಯಜಮಾನಿ ಒಬ್ಬರು ಮಾಡಿಸಿದರೆ ಸಾಲದು. ಅಂಗಡಿಯ ಮಷೀನಿನಲ್ಲೇ ಆಗುತ್ತದೆ, ದುಡ್ಡು ಕೊಡಬೇಕಿಲ್ಲ. ಮಕ್ಕಳ ಆಧಾರ್ ಅನ್ನು 5 ವರ್ಷ ತುಂಬಿದಾಗ ಒಮ್ಮೆ, 15 ತುಂಬಿದಾಗ ಇನ್ನೊಮ್ಮೆ ಬೆರಳು ಕೊಟ್ಟು ಹೊಸದು ಮಾಡಿಸಬೇಕು. ಇದು ಮರೆತುಹೋಗಿ ಮಕ್ಕಳ ಪಾಲು ನಿಲ್ಲುವುದು ಬಹಳ.

ಎರಡು, ಆರು ತಿಂಗಳು ಪಡಿತರ ಎತ್ತದಿರುವುದು. 2025ರ ಜುಲೈನಲ್ಲಿ ಕೇಂದ್ರ ಮಾಡಿದ ತಿದ್ದುಪಡಿ ಪ್ರಕಾರ ಇಂಥ ಕಾರ್ಡನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ಮೂರು ತಿಂಗಳೊಳಗೆ ಮನೆಗೆ ಬಂದು ಪರಿಶೀಲಿಸಿ, ಅರ್ಹರಾದರೆ ಮತ್ತೆ ಚಾಲೂ ಮಾಡಬೇಕು. ಇದು ರದ್ದಲ್ಲ, ತಡೆ. ನಮ್ಮ ಗಾರೆ ಕೆಲಸದವರಿಗೆ ಆಗಿದ್ದೂ ತಡೆಯೇ. ತಾಲ್ಲೂಕು ಕಚೇರಿಗೆ ಕಾರ್ಡ್, ಎಲ್ಲರ ಆಧಾರ್ ಪ್ರತಿ, ಊರಲ್ಲಿ ಇರದಿದ್ದಕ್ಕೆ ಕಾರಣ ಬರೆದ ಅರ್ಜಿ ತೆಗೆದುಕೊಂಡು ಹೋಗಿ.

ಮೂರು, ಅನರ್ಹ ಎಂದು ಎಪಿಎಲ್‌ಗೆ ಬದಲಾಗಿರುವುದು. ಬಿಪಿಎಲ್‌ಗೆ ವರ್ಷದ ಆದಾಯ 1.20 ಲಕ್ಷ ರೂಪಾಯಿ ಮೀರಬಾರದು. ಸರ್ಕಾರಿ ನೌಕರಿ, ಆದಾಯ ತೆರಿಗೆ, ಸ್ವಂತಕ್ಕೆ ನಾಲ್ಕು ಚಕ್ರದ ವಾಹನ, ಇವುಗಳಲ್ಲಿ ಯಾವುದಾದರೂ ಇದ್ದರೆ ಬಿಪಿಎಲ್ ಇಲ್ಲ. ಬಾಡಿಗೆಗೆ ಓಡಿಸಿ ಹೊಟ್ಟೆ ಹೊರೆಯುವ ಒಂದು ವಾಹನಕ್ಕೆ ವಿನಾಯಿತಿ ಇದೆ. 2024ರ ನವೆಂಬರ್‌ನಲ್ಲಿ ಒಮ್ಮೆಲೇ ಸಾವಿರಾರು ಕಾರ್ಡ್ ಎಪಿಎಲ್ ಆಗಿ ರಾಜ್ಯದಲ್ಲಿ ದೊಡ್ಡ ಗಲಾಟೆ ಆಯಿತು. ಆಗ ಸರ್ಕಾರ ಹಿಂದೆ ಸರಿದು, ತೆರಿಗೆ ಕಟ್ಟುವವರು ಮತ್ತು ಸರ್ಕಾರಿ ನೌಕರರನ್ನು ಬಿಟ್ಟು ಉಳಿದವರ ಕಾರ್ಡ್ ವಾಪಸ್ ಕೊಡುವುದಾಗಿ ಹೇಳಿತು. ಬ್ಯಾಂಕ್ ಸಾಲ ಸಿಗಲಿ ಎಂದು ಯಾರೋ ಹೇಳಿದ್ದಕ್ಕೆ ಐಟಿ ರಿಟರ್ನ್ಸ್ ಸಲ್ಲಿಸಿದವರು ಎಷ್ಟೋ ಮಂದಿ ಸಿಕ್ಕಿಕೊಳ್ಳುತ್ತಾರೆ. ರಿಟರ್ನ್ಸ್ ಸಲ್ಲಿಸುವುದು ಬೇರೆ, ತೆರಿಗೆ ಕಟ್ಟುವುದು ಬೇರೆ. ಕಟ್ಟಿದ ತೆರಿಗೆ ಸೊನ್ನೆ ಎಂದು ತೋರಿಸುವ ಪ್ರತಿಯನ್ನು ಅರ್ಜಿಗೆ ಸೇರಿಸಿ. ಜೊತೆಗೆ ಹೊಸ ಆದಾಯ ಪ್ರಮಾಣಪತ್ರ ಇರಲಿ.

ಕಾರ್ಡೇ ಇಲ್ಲದಿದ್ದರೆ

ಇಲ್ಲಿ ನಿಜ ಹೇಳಬೇಕು. ಹೊಸ ಬಿಪಿಎಲ್ ಕಾರ್ಡ್ ಬೇಗ ಸಿಗುವುದಿಲ್ಲ. ಕಾರಣ ಬರೀ ಕಚೇರಿಯ ನಿಧಾನ ಅಲ್ಲ. ಕೇಂದ್ರದ ಕಾಯ್ದೆ ಕರ್ನಾಟಕಕ್ಕೆ 2011ರ ಜನಗಣತಿ ಲೆಕ್ಕದಲ್ಲಿ ಸುಮಾರು 4 ಕೋಟಿ ಜನರ ಮಿತಿ ಇಟ್ಟಿದೆ. ಆಮೇಲೆ ಹುಟ್ಟಿದವರು, ಆಮೇಲೆ ಬಡವಾದವರು ಆ ಲೆಕ್ಕದಲ್ಲಿ ಇಲ್ಲ. ಹಾಗಾಗಿ ಅರ್ಜಿ ಕಿಟಕಿ ಆಗಾಗ ತೆರೆದು ಬೇಗ ಮುಚ್ಚುತ್ತದೆ.

ಆದರೂ ಎರಡು ದಾರಿ ಇವೆ. ಮನೆಯಲ್ಲಿ ಗಂಭೀರ ಕಾಯಿಲೆ ಇದ್ದು ಚಿಕಿತ್ಸೆಗೆ ಕಾರ್ಡ್ ತುರ್ತಾಗಿ ಬೇಕಿದ್ದರೆ ಆಸ್ಪತ್ರೆಯ ದಾಖಲೆ ಹಿಡಿದು ಆಹಾರ ಶಾಖೆಯಲ್ಲಿ ಕೇಳಿ. ಇಂಥವಕ್ಕೆ ಆದ್ಯತೆ ಕೊಡುತ್ತಾರೆ. ಇನ್ನೊಂದು ಇ-ಶ್ರಮ್, ಅಂದರೆ ಅಸಂಘಟಿತ ಕಾರ್ಮಿಕರ ಹೆಸರು ಬರೆದುಕೊಳ್ಳುವ ಕೇಂದ್ರದ ಪಟ್ಟಿ. ಕೂಲಿ, ಮನೆಗೆಲಸ, ಕಟ್ಟಡ ಕೆಲಸ, ಬೀದಿ ವ್ಯಾಪಾರ ಮಾಡುವವರು ಇದರಲ್ಲಿ ಉಚಿತವಾಗಿ ಹೆಸರು ನೋಂದಾಯಿಸಬಹುದು. ಇ-ಶ್ರಮ್‌ನಲ್ಲಿ ಹೆಸರಿದ್ದೂ ರೇಷನ್ ಕಾರ್ಡ್ ಇಲ್ಲದ ಸುಮಾರು 8 ಕೋಟಿ ಜನರಿಗೆ ಕಾರ್ಡ್ ಕೊಡಿ ಎಂದು ಸುಪ್ರೀಂ ಕೋರ್ಟ್ 2023ರಲ್ಲೂ 2024ರಲ್ಲೂ ರಾಜ್ಯಗಳಿಗೆ ಹೇಳಿದೆ. ಆದ್ದರಿಂದ ಇ-ಶ್ರಮ್ ಸಂಖ್ಯೆ ಇರುವವರು ಅದನ್ನು ಅರ್ಜಿಯ ಮೊದಲ ಸಾಲಿನಲ್ಲೇ ಬರೆಯಿರಿ.

ಕಷ್ಟ ಬರುವ ಮುಂಚೆಯೇ ಕಾರ್ಡ್ ಮಾಡಿಸಿಕೊಳ್ಳಿ ಎಂದು ನಾನು ಎಲ್ಲರಿಗೂ ಹೇಳುವುದು ಸುಮ್ನೆ ಅಲ್ಲ. 2020ರ ಲಾಕ್‌ಡೌನ್ ನೆನಪಿದೆಯಾ? ಆಗ ಏಪ್ರಿಲ್‌ನಿಂದ ಗರೀಬ್ ಕಲ್ಯಾಣ್ ಯೋಜನೆಯಲ್ಲಿ ಕಾರ್ಡ್ ಇದ್ದ ಸುಮಾರು 80 ಕೋಟಿ ಜನಕ್ಕೆ ತಲೆಗೆ 5 ಕೆಜಿ ಹೆಚ್ಚು ಧಾನ್ಯ ಕೊಟ್ಟರು. ಅದು ತಲುಪಿತು, ಯಾಕೆಂದರೆ ದಾರಿ ಮೊದಲೇ ಇತ್ತು. ಅಂಗಡಿ, ಲಾರಿ, ಪಟ್ಟಿ ಎಲ್ಲ ಸಿದ್ಧವಿದ್ದವು. ಕಾರ್ಡ್ ಇಲ್ಲದ ವಲಸೆ ಕಾರ್ಮಿಕರಿಗಾಗಿ ಮೇ ತಿಂಗಳಲ್ಲಿ ಬೇರೆ ಘೋಷಣೆ ಆಯಿತು. 8 ಕೋಟಿ ಜನಕ್ಕೆ ಎರಡು ತಿಂಗಳು ತಲೆಗೆ 5 ಕೆಜಿ ಎಂದರು. ಅಷ್ಟು ಜನಕ್ಕೆ ಅದು ತಲುಪಲೇ ಇಲ್ಲ. ಧಾನ್ಯ ಗೋದಾಮಿನಲ್ಲಿತ್ತು. ಆದರೆ ಯಾರಿಗೆ ಕೊಡಬೇಕೆಂಬ ಪಟ್ಟಿ ಇರಲಿಲ್ಲ, ಪಟ್ಟಿ ಮಾಡುವಷ್ಟರಲ್ಲಿ ಜನ ನಡೆದು ಊರು ಸೇರಿದ್ದರು.

ಗುಳೆ ಹೋದವರಿಗೆ

ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಬೆಂಗಳೂರಿಗೆ, ಮಂಗಳೂರಿಗೆ, ಗೋವಾಕ್ಕೆ, ಮುಂಬೈಗೆ, ಪುಣೆಗೆ ಗುಳೆ ಹೋಗುವ ಕುಟುಂಬಗಳು ಈ ಭಾಗವನ್ನು ಚೆನ್ನಾಗಿ ಓದಿ.

ಒಂದು ದೇಶ ಒಂದು ಪಡಿತರ ಚೀಟಿ ಎಂಬುದು 2019ರಲ್ಲಿ ನಾಲ್ಕು ರಾಜ್ಯಗಳಲ್ಲಿ ಶುರುವಾಯಿತು. ಕರ್ನಾಟಕ 2020ರ ಜನವರಿಯಲ್ಲಿ ಸೇರಿತು. 2022ರ ಜೂನ್ ಹೊತ್ತಿಗೆ ಇಡೀ ದೇಶ ಸೇರಿತು. ಕಾರ್ಡ್ ಕೈಯಲ್ಲಿ ಇರಲೇಬೇಕೆಂದಿಲ್ಲ. ಕಾರ್ಡ್ ನಂಬರ್ ಅಥವಾ ಆಧಾರ್ ನಂಬರ್ ಹೇಳಿ ಬೆರಳು ಒತ್ತಿದರೆ ಸಾಕು.

ಇಲ್ಲಿ ಎರಡು ವಿಷಯ ತಿಳಿದಿರಲಿ. ಹೊರ ರಾಜ್ಯದಲ್ಲಿ ಸಿಗುವುದು ಕೇಂದ್ರದ ಪಾಲು ಮಾತ್ರ, ಅನ್ನಭಾಗ್ಯದ ಹೆಚ್ಚುವರಿ ಅಲ್ಲಿ ಸಿಗುವುದಿಲ್ಲ. ಗಂಡ ಹೆಂಡತಿ ದುಡಿಯಲು ಹೋಗಿ, ಮಕ್ಕಳು ಅಜ್ಜಿಯ ಜೊತೆ ಊರಲ್ಲೇ ಉಳಿದಿದ್ದರೆ ಪಾಲು ಹಂಚಿಕೊಳ್ಳಬಹುದು. ನೀವು ಅಲ್ಲಿ ಸ್ವಲ್ಪ ಎತ್ತಿ, ಉಳಿದದ್ದನ್ನು ಊರಲ್ಲಿ ಅವರು ಎತ್ತಬಹುದು. ಪೂರ್ತಿ ನೀವೇ ಎತ್ತಿಬಿಟ್ಟರೆ ಊರಲ್ಲಿ ಅಜ್ಜಿ ಬರಿಗೈಲಿ ನಿಲ್ಲುತ್ತಾರೆ. ಮೊದಲೇ ಫೋನಲ್ಲಿ ಮಾತಾಡಿಕೊಳ್ಳಿ. ಹತ್ತಿರದ ಅಂಗಡಿ ಹುಡುಕಲು ಮೇರಾ ರೇಷನ್ ಆ್ಯಪ್ ಇದೆ. ಅಂಗಡಿಯವರು ಹೊರಗಿನ ಕಾರ್ಡ್ ನಡೆಯಲ್ಲ ಎಂದರೆ 14445ಕ್ಕೆ ಫೋನ್ ಮಾಡಿ.

ಹೊರಗೆ ಇರುವಾಗ ಆರು ತಿಂಗಳಲ್ಲಿ ಒಮ್ಮೆಯಾದರೂ ಎಲ್ಲಾದರೂ ಪಡಿತರ ಎತ್ತಿ. ಕಾರ್ಡ್ ಜೀವಂತ ಇರುತ್ತದೆ.

ನೆರೆ ಬಂದಾಗ

2018ರಲ್ಲಿ ಕೊಡಗು, 2019ರಲ್ಲಿ ಬೆಳಗಾವಿ, ಬಾಗಲಕೋಟೆ. ನೀರು ಮನೆಗೆ ನುಗ್ಗಿದಾಗ ರೇಷನ್ ಅಂಗಡಿಯೂ ಮುಳುಗಿರುತ್ತದೆ. ಆಗ ನಡೆಯುವುದು ಬೇರೆ ದಾರಿ. ಆಹಾರ ಇಲಾಖೆ ಅಲ್ಲ, ಕಂದಾಯ ಇಲಾಖೆ. ಅಂದರೆ ಜಿಲ್ಲಾಧಿಕಾರಿ, ತಹಶೀಲ್ದಾರ್, ಗ್ರಾಮ ಆಡಳಿತ ಅಧಿಕಾರಿ. ಜಿಲ್ಲೆಯ ತುರ್ತು ನಂಬರ್ 1077.

ಹಿಂದೆ ಗಂಜಿ ಕೇಂದ್ರ ಎನ್ನುತ್ತಿದ್ದೆವು, ಈಗ ಕಾಳಜಿ ಕೇಂದ್ರ. ಅಲ್ಲಿಗೆ ಹೋದ ಕೂಡಲೇ ಮನೆಯ ಎಲ್ಲರ ಹೆಸರನ್ನು ಪುಸ್ತಕದಲ್ಲಿ ಬರೆಸಿ. ಮುಂದೆ ಪರಿಹಾರಕ್ಕೆ ಅದು ಸಾಕ್ಷಿ. ಹಸುಗೂಸು, ಗರ್ಭಿಣಿ, ಸಕ್ಕರೆ ಕಾಯಿಲೆಯವರು ಇದ್ದರೆ ಆಗಲೇ ಹೇಳಿ. ಕೇಂದ್ರಕ್ಕೆ ಹೋಗದೆ ನೆಂಟರ ಮನೆ ಸೇರಿದವರು ಹಕ್ಕು ಕಳೆದುಕೊಳ್ಳುವುದಿಲ್ಲ. ಅಕ್ಕಿ, ಬೇಳೆ, ಎಣ್ಣೆ, ಉಪ್ಪು, ಸಕ್ಕರೆ ಇರುವ ಕಿಟ್ ಕೊಡುವ ಪದ್ಧತಿ ಇದೆ. ಆದರೆ ನೀವು ಎಲ್ಲಿದ್ದೀರಿ ಎಂದು ಗ್ರಾಮ ಆಡಳಿತ ಅಧಿಕಾರಿಗೆ ತಿಳಿಸಿರಬೇಕು. ತಿಳಿಸದಿದ್ದರೆ ಪಟ್ಟಿಯಲ್ಲಿ ಹೆಸರು ಬರುವುದಿಲ್ಲ.

ನೀರು ಇಳಿದ ಮೇಲೆ ಮನೆ ತೊಳೆಯುವ ಮುಂಚೆ ಫೋಟೊ ತೆಗೆಯಿರಿ. ಗೋಡೆ ಮೇಲಿನ ನೀರಿನ ಗೆರೆ, ನೆಂದ ಅಕ್ಕಿ ಚೀಲ, ಕೊಚ್ಚಿಹೋದ ಪಾತ್ರೆಯ ಜಾಗ. ಪಂಚನಾಮೆ ಮಾಡುವಾಗ ಮನೆಯವರು ಒಬ್ಬರು ಅಲ್ಲೇ ಇರಿ, ಬರೆದದ್ದನ್ನು ಓದಿಸಿ ಕೇಳಿದ ಮೇಲೆ ಸಹಿ ಹಾಕಿ. ನಮ್ಮ ಜನ ಮೊದಲು ಮನೆ ಸ್ವಚ್ಛ ಮಾಡುತ್ತಾರೆ. ಸಹಜ. ಆದರೆ ಆಮೇಲೆ ತೋರಿಸಲು ಏನೂ ಉಳಿದಿರುವುದಿಲ್ಲ. ರೇಷನ್ ಕಾರ್ಡ್ ಕೊಚ್ಚಿಹೋಗಿದ್ದರೆ ಹೆದರಬೇಡಿ. ದಾಖಲೆ ಕಂಪ್ಯೂಟರಲ್ಲಿದೆ, ನಂಬರ್ ಇದ್ದರೆ ಸಾಕು. ಆ ನಂಬರನ್ನು ಇವತ್ತೇ ಊರಾಚೆಯ ನೆಂಟರೊಬ್ಬರ ಫೋನಿಗೆ ಕಳಿಸಿಟ್ಟುಕೊಳ್ಳಿ.

ದೂರು ಕೊಡುವುದು

ಬಾಯಿ ಮಾತಿನ ದೂರು ಗಾಳಿಗೆ ಹೋಗುತ್ತದೆ. 1967 ಆಹಾರ ಇಲಾಖೆಯ ಸಹಾಯವಾಣಿ. 1902 ಮುಖ್ಯಮಂತ್ರಿಗಳ ಜನಸ್ಪಂದನದ್ದು. ಎರಡರಲ್ಲೂ ದೂರಿನ ಸಂಖ್ಯೆ ಕೇಳಿ ಬರೆದುಕೊಳ್ಳಿ.

ವಾರದಲ್ಲಿ ಕೆಲಸ ಆಗದಿದ್ದರೆ ಲಿಖಿತ ಅರ್ಜಿ. ತಾಲ್ಲೂಕಿನ ಆಹಾರ ಶಾಖೆಗೆ, ತಹಶೀಲ್ದಾರರಿಗೆ, ಆಮೇಲೆ ಜಿಲ್ಲೆಯ ಆಹಾರ ಇಲಾಖೆಯ ಅಧಿಕಾರಿಗೆ. ಆಹಾರ ಭದ್ರತಾ ಕಾಯ್ದೆ ಪ್ರಕಾರ ಪ್ರತಿ ಜಿಲ್ಲೆಯಲ್ಲಿ ಕುಂದುಕೊರತೆ ನಿವಾರಣಾ ಅಧಿಕಾರಿ ಇರಬೇಕು. ಅದು ಯಾರೆಂದು ಜಿಲ್ಲಾಧಿಕಾರಿ ಕಚೇರಿಯಲ್ಲಿ ಕೇಳಿ. ಅವರ ಮೇಲೆ ರಾಜ್ಯ ಆಹಾರ ಆಯೋಗ ಇದೆ. ಅಧಿಕಾರಿಯ ಸೂಚನೆಯನ್ನು ಸಕಾರಣ ಇಲ್ಲದೆ ಪಾಲಿಸದ ನೌಕರರಿಗೆ 5,000 ರೂಪಾಯಿವರೆಗೆ ದಂಡ ಹಾಕುವ ಅಧಿಕಾರ ಆಯೋಗಕ್ಕಿದೆ. ನಿಮ್ಮ ಪಾಲಿನ ಧಾನ್ಯ ಸರ್ಕಾರ ಕೊಡದಿದ್ದರೆ ಅದರ ಬದಲು ಆಹಾರ ಭದ್ರತಾ ಭತ್ಯೆ ಕೊಡಬೇಕು ಎಂದು ಕಾಯ್ದೆಯ 8ನೇ ಕಲಂ ಹೇಳುತ್ತದೆ. ಬಹಳ ಜನ ಇದನ್ನು ಕೇಳುವುದೇ ಇಲ್ಲ. ನಮ್ಮ ಬೀದಿಯ ಆ ತಾಯಿಗೂ ಗೊತ್ತಿರಲಿಲ್ಲ, ಆಗ ನನಗೂ ಗೊತ್ತಿರಲಿಲ್ಲ. ನೀವು ಅರ್ಜಿಯಲ್ಲಿ ಬರೆಯಿರಿ.

ಅರ್ಜಿ ಕೊಟ್ಟಾಗ ನಕಲಿನ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳಿ. "ಆಗಲ್ಲ" ಎಂದರೆ "ಹಿಂಬರಹ ಕೊಡಿ" ಎಂದು ಕೇಳಿ. ಯಾಕೆ ಆಗಲ್ಲ ಎಂದು ಬರವಣಿಗೆಯಲ್ಲಿ ಕೊಡುವುದೇ ಹಿಂಬರಹ. ಕಚೇರಿಯಲ್ಲಿ ಇದಕ್ಕಿಂತ ಕೆಲಸ ಮಾಡುವ ಮಾತು ನನಗೆ ಇನ್ನೊಂದು ಗೊತ್ತಿಲ್ಲ. ಅದನ್ನು ಹಿಡಿದೇ ಮೇಲಿನವರ ಬಳಿ ಹೋಗಬಹುದು. ಮಾಹಿತಿ ಹಕ್ಕಿನಲ್ಲೂ ಕೇಳಬಹುದು. ಬಿಪಿಎಲ್‌ನವರಿಗೆ ಆ ಅರ್ಜಿಗೆ ಶುಲ್ಕ ಇಲ್ಲ. ಕರ್ನಾಟಕದಲ್ಲಿ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ ಇರಬೇಕು.

ದೂರಿನ ಅರ್ಜಿ ಉದ್ದ ಬೇಕಿಲ್ಲ. ನಾವು ಬರೆದದ್ದು ಹೆಚ್ಚು ಕಡಿಮೆ ಹೀಗಿತ್ತು. ಬಿಟ್ಟ ಜಾಗದಲ್ಲಿ ನಿಮ್ಮದನ್ನು ತುಂಬಿಕೊಳ್ಳಿ. ಕೊನೆಯ ಸಾಲಿಗೆ ಮುಂಚಿನದನ್ನು ನಾನು ಈಗ ಸೇರಿಸಿದ್ದೇನೆ:

"ಮಾನ್ಯ ತಹಶೀಲ್ದಾರರಿಗೆ. ವಿಷಯ: ಪಡಿತರ ಚೀಟಿ ಸಂಖ್ಯೆ … ತಡೆ ಹಿಡಿದಿರುವ ಬಗ್ಗೆ. ನಮ್ಮ ಕುಟುಂಬದಲ್ಲಿ … ಜನರಿದ್ದೇವೆ. ಕೂಲಿಗಾಗಿ ಬೇರೆ ಊರಿನಲ್ಲಿದ್ದ ಕಾರಣ … ತಿಂಗಳಿಂದ ಪಡಿತರ ಪಡೆದಿರಲಿಲ್ಲ. ಈಗ ದುಡಿಯುವವರು ಗಾಯಗೊಂಡು ಮನೆಯಲ್ಲಿದ್ದಾರೆ, ಆದಾಯ ಇಲ್ಲ. … ದಿನಾಂಕದಂದು ಅಂಗಡಿಯಲ್ಲಿ ಧಾನ್ಯ ನೀಡಿಲ್ಲ. ಸಹಾಯವಾಣಿ ದೂರಿನ ಸಂಖ್ಯೆ …. ಮನೆಗೆ ಬಂದು ಪರಿಶೀಲಿಸಿ ಚೀಟಿಯನ್ನು ಚಾಲ್ತಿ ಮಾಡಬೇಕೆಂದು ಕೋರುತ್ತೇವೆ. ಸಿಗದ ತಿಂಗಳುಗಳಿಗೆ 2013ರ ಆಹಾರ ಭದ್ರತಾ ಕಾಯ್ದೆಯ 8ನೇ ಕಲಂ ಪ್ರಕಾರ ಭತ್ಯೆ ಕೊಡಿಸಬೇಕೆಂದೂ ಕೋರುತ್ತೇವೆ. ಸಾಧ್ಯವಾಗದಿದ್ದರೆ ಕಾರಣ ತಿಳಿಸಿ ಹಿಂಬರಹ ನೀಡಿ."

ಮೂರು ಪ್ರತಿ ಮಾಡಿ. ಒಂದು ಕಚೇರಿಗೆ, ಒಂದು ಸೀಲು ಹಾಕಿಸಿ ನಿಮಗೆ, ಇನ್ನೊಂದು ಬ್ಯಾಗಿನಲ್ಲಿರಲಿ. ಮೇಲಿನ ಕಚೇರಿಗೆ ಹೋಗಬೇಕಾಗಿ ಬಂದರೆ ಅಲ್ಲಿ ಜೆರಾಕ್ಸ್ ಅಂಗಡಿ ಹುಡುಕಿಕೊಂಡು ಅಲೆಯುವುದು ತಪ್ಪುತ್ತದೆ.